ಪುಂಡಿ ಬರಬಹುದಾದ ಜಾಗಗಳು

ಸಾವಿರ ಕಂಬದ ಬಸದಿಯನ್ನು ಅವರಿಬ್ಬರೂ ಸರದಿಯಲ್ಲಿ ನೋಡಬೇಕಾಯಿತು. ಮೊದಲು ಮನೀಷ್ ಒಳಗೆ ಹೋದ; ಸಾತ್ವಿಕಾ ಹೊರಗೆ ನಾಯಿಯ ಹಗ್ಗ ಹಿಡಿದುಕೊಂಡು ನಿಂತಳು. ಅವನು ಬಂದ ಮೇಲೆ ಹಗ್ಗ ಅವನ ಕೈಗೆ ದಾಟಿಸಿ ಅವಳು ಹೋದಳು. ಹುಟ್ಟಿದಂದಿನಿಂದ ನೋಡುತ್ತ ಬಂದ ಬಸದಿ, ಕಂಬ ಎಣಿಸುವುದಕ್ಕೇನೂ ಅವಳು ಹೋಗಲಿಲ್ಲ. ಒಂದು ಕಂಬದ ಮರೆಯಲ್ಲಿ ನಿಂತು, ಹೊರಗಿನ ಬಿಸಿಲಿನಲ್ಲಿ ಇಸ್ತ್ರಿ ಮುರಿಯದ ನೀಲಿ ಅಂಗಿಯ ಆ ಮನುಷ್ಯ ಅವಳ ನಾಯಿಯ ಜೊತೆ ಒಬ್ಬನೇ ಇರುವಾಗ ಏನು ಮಾಡುತ್ತಾನೆ ಎಂದು ನೋಡಿದಳು.

ಅವನು ಏನೂ ಮಾಡುತ್ತಿರಲಿಲ್ಲ. ಉಕ್ಕುವ ಹಾಲಿನ ಪಾತ್ರೆ ಇಳಿಸುವವನ ಹಾಗೆ ಹಗ್ಗವನ್ನು ಮೈಯಿಂದ ದೂರ ಹಿಡಿದು ನಿಂತಿದ್ದ. ಪುಂಡಿ ಅವನ ಶೂವಿನ ಲೇಸು ಮೂಸಿತು. ಅವನು ಕಾಲು ಹಿಂದಕ್ಕೆ ತೆಗೆದ. ಮತ್ತೆ ಮೂಸಿತು, ಮತ್ತೆ ತೆಗೆದ. ಆಮೇಲೆ ಮೂಸಿಕೊಳ್ಳಲಿ ಎಂದು ಬಿಟ್ಟ. ಸಾತ್ವಿಕಾಗೆ ಅಷ್ಟು ಸಾಕಾಯಿತು. ಅವಳು ಮೂಡುಬಿದಿರೆಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಜನ ಬಾಯಲ್ಲಿ ಏನು ಹೇಳುತ್ತಿದ್ದರೂ ಅವರ ಕಣ್ಣು ಯಾವ ಕಡೆ ಹೋಗುತ್ತದೆ ಎಂದು ನೋಡುವುದು ಅವಳಿಗೆ ಕೆಲಸದಿಂದ ಅಂಟಿದ ಚಾಳಿ.

ಹಿಂದಿನ ವಾರ ಎರಡೂ ಮನೆಯ ಹಿರಿಯರು ಶಿರ್ತಾಡಿಯ ಅವಳ ಮನೆಯಲ್ಲಿ ಕೂತು, ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ಗೋತ್ರ, ಇಬ್ಬರದೂ ಬೇರೆ ಎಂದು ಖಾತ್ರಿ ಮಾಡಿಕೊಂಡು, ಹಲ್ವ ತಿಂದು, ಒಂದು ತೀರ್ಮಾನಕ್ಕೆ ಬಂದಿದ್ದರು: ಆದಿತ್ಯವಾರ ಇಬ್ಬರೂ ಒಟ್ಟಿಗೆ ತಿರುಗಾಡಲಿ, ಮಾತಾಡಲಿ, ಸಂಜೆಗೆ ಹೌದೋ ಅಲ್ಲವೋ ಹೇಳಲಿ. ಮನೀಷ್ ಬಹ್ರೈನಿನ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವನು. ಫರಂಗಿಪೇಟೆಯಲ್ಲಿ, ಹೆದ್ದಾರಿಯ ಬದಿಯಲ್ಲಿ, ತೀರಿಹೋದ ತಂದೆಯ ಹಳೆಯ ಹೋಟೆಲನ್ನು ಹೊಸದಾಗಿ ತೆರೆಯುವ ತಯಾರಿಯಲ್ಲಿದ್ದ. ಮನೆಯಲ್ಲಿ ತಾಯಿ ಒಬ್ಬರೇ. ಸಾತ್ವಿಕಾಗೆ ಅವನನ್ನು ಬೇಡವೆನ್ನಲು ಕಾರಣವೇನೂ ಸಿಕ್ಕಿರಲಿಲ್ಲ. ಅದಕ್ಕೇ ಅವಳು ಫೋನಿನಲ್ಲಿ ಮೊದಲೇ ಹೇಳಿದ್ದಳು: "ಆದಿತ್ಯವಾರ ನನ್ನೊಟ್ಟಿಗೆ ನಾಯಿ ಉಂಟು. ಬಿಟ್ಟು ಬರ್ಲಿಕ್ಕೆ ಆಗುದಿಲ್ಲ."

"ತೊಂದರೆ ಇಲ್ಲ," ಅಂದಿದ್ದ ಅವನು.

"ಮದುವೆ ಆದ್ಮೇಲೂ ಆಗುದಿಲ್ಲ."

ಆ ಕಡೆ ಲಾರಿಯ ಹಾರ್ನ್ ಕೇಳಿತ್ತು. "ನೋಡುವ," ಅಂದಿದ್ದ.

ಈ ಸೀಮೆಯಲ್ಲಿ "ನೋಡುವ" ಅಂದರೆ ಏನು ಬೇಕಾದರೂ ಆಗಬಹುದು. ಅದನ್ನೇ ನೋಡುವುದಕ್ಕೆ ಅವಳು ಹೊರಟದ್ದು.

ಅವಳು ಹೊರಗೆ ಬರುವಾಗ ಎಳನೀರು ಬೊಂಡ ಮಾರುವ ಪೂವಮ್ಮ ಕತ್ತಿ ಕೈಯಲ್ಲಿ ಹಿಡಿದು ಮನೀಷನನ್ನು ವಿಚಾರಿಸಿಕೊಳ್ಳುತ್ತಿದ್ದಳು.

"ಬಿಡ್ಲಿಕ್ಕೆ ತಂದದ್ದಾ? ಇಲ್ಲಿ ಬೇಡ, ಆಯ್ತಾ. ಮೊನ್ನೆ ಒಬ್ಬರು ಹೀಗೇ ಕಾರಲ್ಲಿ ಬಂದು, ಚಂದ ಮಾಡಿ ಒಂದು ಬಿಸ್ಕಿಟ್ ಹಾಕಿ, ಬಿಟ್ಟು ಹೋದ್ರು. ಅದಾ ನೋಡಿ." ಗಾಡಿಯ ಕೆಳಗಿನ ನೆರಳಿನಲ್ಲಿ ಕಂದು ಬಣ್ಣದ ಗಂಡು ನಾಯಿಯೊಂದು ಮೂತಿಯನ್ನು ಕಾಲಮೇಲಿಟ್ಟು ಮಲಗಿತ್ತು. "ಕಾರು ಬಂದಾಗೆಲ್ಲ ಎದ್ದು ನೋಡ್ತದೆ, ಪಾಪ. ಈಗ ಅನ್ನ ಹಾಕುದು ನಾನು."

"ಬಿಡ್ಲಿಕ್ಕಲ್ಲ ಅಕ್ಕ, ತಿರುಗಾಡ್ಲಿಕ್ಕೆ," ಎಂದಳು ಸಾತ್ವಿಕಾ.

"ಯಾರು, ನಾಯಿಯಾ?"

"ಹೌದು."

ಪೂವಮ್ಮ ಮನೀಷನ ಮುಖ ನೋಡಿದಳು. ಇವನಾದರೂ ಸರಿಯಾದ ಉತ್ತರ ಕೊಟ್ಟಾನು ಎಂದು ಕಾದಳು. ಅವನು ಗಂಭೀರವಾಗಿ, "ನಾಯಿಯೇ. ನಾವು ಅದರ ಒಟ್ಟಿಗೆ ಬಂದದ್ದು," ಎಂದ. ಸಾತ್ವಿಕಾಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ.

ಊರಿನಲ್ಲಿ ನಾಯಿ ಕಾರು ಹತ್ತುವುದು ಎರಡೇ ಕಾರಣಕ್ಕೆ. ಒಂದು, ಡಾಕ್ಟರ ಇಂಜೆಕ್ಷನ್ನಿಗೆ. ಇನ್ನೊಂದು, ಹೊಳೆ ದಾಟಿಸಿ ಬಿಡುವುದಕ್ಕೆ. ನೀರು ದಾಟಿದ ನಾಯಿಗೆ ಮನೆಯ ದಾರಿ ಮರೆತುಹೋಗುತ್ತದಂತೆ. ಪುಂಡಿಯೂ ಹಾಗೆ ಯಾರೋ ದಾಟಿಸಿ ಬಿಟ್ಟ ಮರಿಯೇ. ಶಿರ್ತಾಡಿಯ ಬಸ್ ಸ್ಟ್ಯಾಂಡಿನ ಹಿಂದೆ ಗೋಣಿಚೀಲದಲ್ಲಿ ಸಿಕ್ಕಾಗ ಅಕ್ಕಿಯ ಉಂಡೆಗಡುಬು ಪುಂಡಿಯಂತೆ ಬೆಳ್ಳಗೆ, ಉರುಟಾಗಿ ಇತ್ತು. ಹಬೆಯಿಂದ ಈಗಷ್ಟೇ ತೆಗೆದಿಟ್ಟ ಹಾಗೆ. ಬೆಳೆದ ಮೇಲೆ ಉರುಟೂ ಹೋಯಿತು, ಬಿಳುಪೂ ಹೋಯಿತು. ಬಾಲದ ತುದಿಯಲ್ಲಿ ಒಂದಿಷ್ಟು ಬಿಳಿ ಉಳಿಯಿತು. ಹೆಸರು ಮಾತ್ರ ಹಾಗೇ ಇತ್ತು.

ಪ್ರತಿ ಆದಿತ್ಯವಾರ ಸಾತ್ವಿಕಾ ತನ್ನ ಹಳೆಯ ಆಲ್ಟೋದಲ್ಲಿ ಪುಂಡಿಯನ್ನು ಕೂರಿಸಿಕೊಂಡು ಹೊರಡುವವಳು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ, ಆ ಕಡೆ ಬಂಟ್ವಾಳದವರೆಗೆ, ಪುಂಡಿ ಬರಬಹುದಾದ ಜಾಗಗಳು ಯಾವುವು ಎಂದು ಅವಳ ತಲೆಯಲ್ಲಿ ಒಂದು ನಕ್ಷೆಯೇ ಇತ್ತು. ಯಾವ ಚಹಾದಂಗಡಿಯ ಬೆಂಚು ಹೊರಗಿದೆ, ಯಾವ ಪದವಿನ ಬಯಲಿನಲ್ಲಿ ಕ್ರಿಕೆಟ್ ಆಡುವವರು ಕಲ್ಲು ಹೊಡೆಯುವುದಿಲ್ಲ, ಯಾವ ಕಟ್ಟೆಯ ಮೇಲೆ ಕೂತರೆ ಯಾರೂ ಏಳಿಸುವುದಿಲ್ಲ, ಎಲ್ಲ. ನಾಯಿಗೆ ಬಾಗಿಲು ತೆರೆಯುವ ಊರನ್ನು ಮಾತ್ರ ಅವಳು ಊರು ಎಂದು ಒಪ್ಪುತ್ತಿದ್ದಳು. ಅಮ್ಮ ಅದನ್ನು ಹುಚ್ಚು ಅನ್ನುತ್ತಿದ್ದರು. ಇರಬಹುದು. ಹುಚ್ಚಿಗೂ ಪೆಟ್ರೋಲು ಅವಳದೇ.

ವೇಣೂರಿನ ಹತ್ತಿರ ಫಲ್ಗುಣಿಯ ದಡ ಅಂಥದ್ದೊಂದು ಜಾಗ. ಜನವರಿಯ ಹೊಳೆ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಪುಂಡಿ ಒಮ್ಮೆ ನೀರಿಗೆ ಬಿದ್ದು ಎದ್ದು ಬಂದು, ಸರಿಯಾಗಿ ಮನೀಷನ ಎದುರು ನಿಂತು, ಮೂಗಿನಿಂದ ಬಾಲದವರೆಗೆ ಕೊಡವಿತು. ನೀಲಿ ಅಂಗಿಯ ತುಂಬ ಮರಳಿನ ಚುಕ್ಕೆ. ಅವನು ಕಿಸೆಯಿಂದ ನಾಲ್ಕು ಮಡಿಕೆಯ ಕರ್ಚೀಫು ತೆಗೆದು ಅಂಗಿ ಒರೆಸಿದ. ಆಮೇಲೆ ಕರ್ಚೀಫನ್ನು ನೋಡಿ, "ಇದು ಇನ್ನು ಇದರದ್ದೇ," ಎಂದು ಕುಕ್ಕರುಗಾಲಲ್ಲಿ ಕೂತು ಪುಂಡಿಯ ಕಿವಿ ಒರೆಸಲು ಹೊರಟ. ಪುಂಡಿ ಕರ್ಚೀಫು ಕಚ್ಚಿಕೊಂಡು ಓಡಿತು.

"ನಿಮ್ಮ ಅಮ್ಮನಿಗೆ ನಾಯಿ ಆಗುದಿಲ್ಲ ಅಂತ ಕೇಳಿದ್ದೇನೆ," ಎಂದಳು ಸಾತ್ವಿಕಾ. ಸುತ್ತು ಬಳಸಿ ಮಾತಾಡುವುದು ಅವಳಿಗೆ ಬಾರದು.

"ಯಾರು ಹೇಳಿದ್ದು?"

"ನಿಮ್ಮ ಅಮ್ಮನೇ. ಹಲ್ವ ತಿನ್ನುವಾಗ."

ಮನೀಷ್ ನಕ್ಕ. ನಗು ಬೇಗ ಮುಗಿಯಿತು. "ಮನೆಯಲ್ಲಿ ದೈವದ ಕೋಣೆ ಉಂಟಲ್ಲ. ಗೇಟು ದಾಟಿ ಒಂದು ಬೆಕ್ಕು ಸಹ ಬರ್ಲಿಕ್ಕಿಲ್ಲ. ಅಪ್ಪನೇ ಹೋಟೆಲಿಂದ ಬಂದ್ರೆ ಕಾಲು ತೊಳೆಯದೆ ಬರ್ಲಿಕ್ಕಿರ್ಲಿಲ್ಲ."

"ಹಾಗಾದ್ರೆ?"

"ನೋಡುವ ಅಂದಿದ್ದೇನಲ್ಲ."

"ನೋಡುದು ಯಾವಾಗ?"

ಅದಕ್ಕೆ ಅವನು, ಹೊಟ್ಟೆ ಹಸಿಯುತ್ತಿದೆ, ಬೆಳ್ತಂಗಡಿಗೆ ಹೋಗುವ ಎಂದ.

ಬೆಳ್ತಂಗಡಿಯಲ್ಲಿ ಅವನು ಮೊದಲೇ ಆರಿಸಿಟ್ಟ ಹೋಟೆಲಿತ್ತು. ಗಾಜಿನ ಬಾಗಿಲು, ಬಾಗಿಲ ಬದಿಯಲ್ಲಿ ಮೀನಿನ ಪೆಟ್ಟಿಗೆ, ಕ್ಯಾಶ್ ಕೌಂಟರಿನಲ್ಲಿ ಚಂದನ ಹಚ್ಚಿಕೊಂಡ ಮ್ಯಾನೇಜರ್. ಅವನು ಮನೀಷನನ್ನು ನೋಡಿ ಎದ್ದ, ಸಾತ್ವಿಕಾಳನ್ನು ನೋಡಿ ನಕ್ಕ, ಹಗ್ಗದ ಗುಂಟ ಕೆಳಗೆ ನೋಡಿ ಕೂತ.

"ಫ್ಯಾಮಿಲಿ ರೂಮ್ ಉಂಟು ಸರ್. ಎಸಿ ಉಂಟು. ನಾಯಿಗೆ ಇಲ್ಲ."

"ಮೂಲೆಯ ಟೇಬಲ್ ಆದೀತು. ಅದು ಟೇಬಲಿನ ಅಡಿಯಲ್ಲಿ ಮಲಗ್ತದೆ, ಒಂದು ಸೊಲ್ಲು ಎತ್ತುದಿಲ್ಲ," ಎಂದ ಮನೀಷ್. ಅವನು ಪುಂಡಿಯ ಪರವಾಗಿ ವಕಾಲತ್ತು ಮಾಡಿದ್ದು ಇದೇ ಮೊದಲು.

"ನೀವು ಹೇಳುದು ಸರಿ ಸರ್. ಆದ್ರೆ ಪಕ್ಕದ ಟೇಬಲಿನವರು ಬೊಗಳ್ತಾರಲ್ಲ."

ಕಾರಿನಲ್ಲಿ ಕಟ್ಟಿಡಿ ಎಂದ ಮ್ಯಾನೇಜರ್. ಬಿಸಿಲಿಗೆ ಬೇಯುತ್ತದೆ ಎಂದಳು ಸಾತ್ವಿಕಾ. ಪಾರ್ಸೆಲ್ ಕೊಡುತ್ತೇನೆ ಎಂದ ಮ್ಯಾನೇಜರ್. ಮನೀಷ್ ಹೊರಗೆ ಬಂದು, ಆಲ್ಟೋದ ಬಾಗಿಲಿಗೆ ಒರಗಿ ನಿಂತ.

"ತಪ್ಪಲ್ಲ ಅವನದ್ದು," ಎಂದ. "ನನ್ನ ಹೋಟೆಲಿಗೆ ನೀವು ಹೀಗೆ ಬಂದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ."

"ಗೊತ್ತುಂಟು."

"ಸುಳ್ಳು ಹೇಳ್ಬಾರ್ದಲ್ಲ ಅಂತ ಹೇಳಿದೆ."

"ಅದೂ ಗೊತ್ತಾಯ್ತು. ಪಾರ್ಸೆಲ್ ತಗೊಳ್ಳುವ, ಕಾರಲ್ಲೇ ತಿನ್ನುವ."

ಆದರೆ ಹೋಟೆಲಿನವನ ಮಗ, ತಾನೂ ಹೋಟೆಲಿನವನು, ನೋಡಲು ಬಂದ ಹುಡುಗಿಯನ್ನು ಕಾರಿನಲ್ಲಿ ಕೂರಿಸಿ ಊಟ ಕೊಡುವುದು ಅವನಿಂದಾಗಲಿಲ್ಲ. ಬಿಸಿಲಲ್ಲಿ ಅತ್ತಿತ್ತ ನಡೆದು, ಒಮ್ಮೆಲೇ ಏನೋ ಹೊಳೆದವನಂತೆ ಫೋನು ತೆಗೆದ. ಚಾರ್ಮಾಡಿಯ ಕಡೆ, ಮುಂಡಾಜೆ ದಾಟಿ, ಗುಡ್ಡದ ಬುಡದಲ್ಲಿ ಕುಶಾಲಪ್ಪ ಗೌಡರ ಮನೆ. ಅಪ್ಪನ ಕಾಲದಲ್ಲಿ ಹೋಟೆಲಿಗೆ ಬಾಳೆಲೆ ಕಳಿಸುತ್ತಿದ್ದವರು. ಚಿಕ್ಕವನಿದ್ದಾಗ ಪ್ರತಿ ಬೇಸಿಗೆಗೂ ಅವನು ಅಲ್ಲಿಗೆ ಹೋಗಿ ಹಲಸಿನಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡು ಬರುತ್ತಿದ್ದನಂತೆ.

"ಕುಶಾಲಣ್ಣ, ನಾನು ಮನೀಷ್. ಇಲ್ಲೇ ಬೆಳ್ತಂಗಡಿಯಲ್ಲಿದ್ದೇನೆ. ಮನೆಗೆ ಬರುವ ಅಂತ... ಹ್ಞಾಂ, ಹುಡುಗಿಯೂ ಉಂಟು ಒಟ್ಟಿಗೆ." ಅವನ ಕಿವಿ ಕೆಂಪಾಯಿತು. "ಮತ್ತೆ ಒಂದು ನಾಯಿ ಉಂಟು. ತರಬಹುದಾ?... ಹೆಣ್ಣು. ಹುಷಾರಿ ಉಂಟು. ಬೊಗಳ್ತದೆ, ಬೊಗಳ್ಬೇಕಾದಲ್ಲಿ ಬೊಗಳ್ತದೆ... ಆಯ್ತು, ಆಯ್ತು."

ಫೋನಿಟ್ಟು ಅವಳ ಕಡೆ ತಿರುಗಿದಾಗ ಅವನ ಮುಖ ಪರೀಕ್ಷೆ ಪಾಸಾದವನ ಹಾಗಿತ್ತು. "ನಾಯಿ ತಾ ಮಾರಾಯ, ಖಂಡಿತ ತಾ ಅಂದ್ರು. ನಮ್ಮಿಂದ ಹೆಚ್ಚು ಅದು ಬಂದದ್ದೇ ಅವರಿಗೆ ಖುಷಿ."

ಮುಂಡಾಜೆ ದಾಟುವಾಗ ಗಾಳಿ ತಂಪಾಯಿತು. ಪುಂಡಿ ಹಿಂದಿನ ಸೀಟಿನಿಂದ ಕತ್ತು ಚಾಚಿ ಮನೀಷನ ಹೆಗಲ ಮೇಲೆ ಗದ್ದ ಇಟ್ಟಿತು. ಅವನು ಅಲ್ಲಾಡದೆ ಕೂತ. ಉಳಿದ ದಾರಿಯುದ್ದಕ್ಕೂ ಸಾತ್ವಿಕಾ ತಿರುವುಗಳನ್ನು ಮೆಲ್ಲಗೆ ತೆಗೆದಳು.

ಕುಶಾಲಪ್ಪ ಅಂಗಳದಲ್ಲೇ ಕಾಯುತ್ತಿದ್ದರು. ತಲೆಗೆ ಬೈರಾಸು ಸುತ್ತಿದ, ಎಲುಬು ಗಟ್ಟಿಯಾದ ಮನುಷ್ಯ. ಅವರು ಮೊದಲು ತೆರೆದದ್ದು ಕಾರಿನ ಹಿಂದಿನ ಬಾಗಿಲು. "ಬಾ ಮಗಾ, ಬಾ," ಎಂದು ಪುಂಡಿಯನ್ನು ಇಳಿಸಿಕೊಂಡು, ಹಲ್ಲು ನೋಡಿ, ಪಕ್ಕೆ ತಟ್ಟಿ, "ಒಳ್ಳೆ ಉಂಟು ಮಾರಾಯ!" ಎಂದರು. ಅವರ ಹೆಂಡತಿ ಲೋಲಾಕ್ಷಿ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ಜಗಲಿಯಲ್ಲಿಟ್ಟರು. ಬಂದವರಿಗೆ ಮೊದಲು ನೀರು ಬೆಲ್ಲ, ಮಾತು ಆಮೇಲೆ. ಸಾತ್ವಿಕಾಳ ಮನೆಯಲ್ಲೂ ಅದೇ ಕ್ರಮ. ಆದರೆ ಇಲ್ಲಿ, ಒಂದು ಅಡಿಕೆ ಹಾಳೆಯ ತಟ್ಟೆಯಲ್ಲಿ ಪುಂಡಿಗೂ ನೀರು ಬಂತು. ಅಂಚಿನಲ್ಲಿ ಒಂದು ಚೂರು ಬೆಲ್ಲ.

ಇಷ್ಟು ವರ್ಷ ತಿರುಗಾಡಿದರೂ ಅವಳ ನಕ್ಷೆಯಲ್ಲಿ ಇಂಥ ಜಾಗ ಒಂದೂ ಇರಲಿಲ್ಲ. ನಾಯಿಯನ್ನು ಸಹಿಸುವ ಜಾಗಗಳಿದ್ದವು, ಕಂಡೂ ಕಾಣದ ಹಾಗೆ ಇರುವ ಜಾಗಗಳಿದ್ದವು. ನೆಂಟರ ಹಾಗೆ ಬರಮಾಡಿಕೊಂಡ ಜಾಗ ಇದೇ. ಇದನ್ನು ಹುಡುಕಿ ಕೊಟ್ಟವನು ಮನೀಷ್. ಅವನು ಶೂ ಬಿಚ್ಚಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಸಂಜೆಯವರೆಗೆ ಕಾಯುವುದೇಕೆ, ಊಟವಾದ ಮೇಲೆ ಹೌದು ಎಂದುಬಿಡಬಹುದು ಎನಿಸಿತು ಅವಳಿಗೆ.

ನಾಟಿಕೋಳಿಯ ಸಾರಿನ ಪರಿಮಳ ಒಳಗಿನಿಂದ ಬಂತು. "ಪುಂಡಿ ಬಡಿಸ್ತೇನೆ, ಬನ್ನಿ," ಎಂದು ಲೋಲಾಕ್ಷಿ ಕರೆದದ್ದೇ, ನಾಯಿ ಎದ್ದು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿತು. ವಿಷಯ ತಿಳಿದು ಎಲ್ಲರೂ ನಕ್ಕರು. ಕುಶಾಲಪ್ಪ ಕೆಮ್ಮು ಬರುವಷ್ಟು ನಕ್ಕು, "ಹೆಸರು ಮಾತ್ರ ಬದಲು ಮಾಡ್ಬೇಕು. ಇಲ್ಲದಿದ್ರೆ ನಮ್ಮಲ್ಲಿ ದಿನಾ ಬೆಳಿಗ್ಗೆ ಜಗಳವೇ," ಎಂದರು. ಅದು ತಮಾಷೆ ಎಂದುಕೊಂಡು ಸಾತ್ವಿಕಾ ಇನ್ನೂ ನಕ್ಕಳು.

ಊಟ ಮುಗಿಸಿ ಕೈ ತೊಳೆಯಲು ಹಿಂದಿನ ಜಗಲಿಗೆ ಹೋದಾಗ ಅವಳು ಕಂಡದ್ದು ಇಷ್ಟು. ಪುಂಡಿ ಒಂದು ಅಲ್ಯೂಮಿನಿಯಂ ಬೋಗುಣಿಗೆ ಮುಖ ಹಾಕಿ ಅನ್ನ ಸಾರು ತಿನ್ನುತ್ತಿತ್ತು. ಅದರ ಹಿಂದೆ ಲೋಲಾಕ್ಷಿ ಕೂತು, ಎಲೆಯಡಿಕೆಯ ಅಡಕತ್ತರಿಯಿಂದ ಬಾಲದ ತುದಿಯ ಬಿಳಿಯ ಕೂದಲು ಒಂದಿಷ್ಟು ಕತ್ತರಿಸುತ್ತಿದ್ದರು. ಕತ್ತರಿಸಿದ್ದನ್ನು ಕೆಂಪು ನೂಲಿನಲ್ಲಿ ಸುತ್ತಿ ಗಂಟು ಹಾಕಿದರು. ಬದಿಯಲ್ಲಿ ಹಳೆಯ ಕಡೆಯುವ ಕಲ್ಲು, ಮಸಾಲೆ ರುಬ್ಬುವಂಥದ್ದು. ಅದನ್ನು ಒಂದು ಕೈಯಲ್ಲಿ ವಾಲಿಸಿ, ಕೂದಲಿನ ಗಂಟನ್ನು ಅಡಿಗೆ ತಳ್ಳಿ, ಕಲ್ಲನ್ನು ಮೊದಲಿನಂತೆ ಕೂರಿಸಿದರು. ಅಷ್ಟೂ ಕೆಲಸ, ಒಗ್ಗರಣೆ ಹಾಕಿದಷ್ಟು ಸಲೀಸು.

"ಅದೆಂತ ಅಕ್ಕ?"

"ಇದಾ? ನಮ್ಮ ಅತ್ತೆ ಮಾಡ್ತಿದ್ದದ್ದು, ನಾನೂ ಮಾಡುದು. ಹೊಸ ನಾಯಿ ಬಂದ್ರೆ ಬಾಲದ ಕೂದಲು ಕಲ್ಲಿನ ಅಡಿಗೆ ಇಡುದು. ಮತ್ತೆ ಅದು ಮನೆ ಬಿಟ್ಟು ಹೋಗುದಿಲ್ಲ."

"ಆದ್ರೆ ನಾವು ಈಗ ಹೊರಡ್ತೇವಲ್ಲ."

"ನೀವು ಹೊರಡ್ತೀರಿ," ಎಂದರು ಲೋಲಾಕ್ಷಿ ಪ್ರೀತಿಯಿಂದ. "ಅದು ಇಲ್ಲೇ ಅಲ್ವಾ?"

ಆಗ ಸಾತ್ವಿಕಾಗೆ ಉಳಿದದ್ದೆಲ್ಲ ಕಾಣತೊಡಗಿತು. ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಬದಿಯಲ್ಲಿ ಹೊಸ ಹಂಚು ಹಾಕಿದ ನಾಯಿಗೂಡು. ಅದರ ಕಂಬಕ್ಕೆ ನೇತುಹಾಕಿದ ಹೊಳೆಯುವ ಸರಪಳಿ. ಸರಪಳಿಯ ತುದಿಯಲ್ಲಿ ಮೊಳೆ ಹೊಡೆದ ದಪ್ಪ ಬೆಲ್ಟು. ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲಿ ಎಂದು ಗುಡ್ಡದ ಬದಿಯವರು ಕಟ್ಟುವಂಥದ್ದು.

ಕುಶಾಲಪ್ಪ ಹಿಂದಿನಿಂದ ಬಂದರು. "ಹೆದರ್ಬೇಡ ಮಗಾ. ನಮ್ಮ ಕರಿಯನನ್ನು ಮಳೆಗಾಲದಲ್ಲಿ ಚಿರತೆ ಕೊಂಡೋಯ್ತು. ಆಮೇಲೆ ಮಂಗಗಳಿಗೆ ನಮ್ಮ ಹೆದರಿಕೆಯೇ ಇಲ್ಲ, ಜಗಲಿಗೇ ಬಂದು ಕೂತುಕೊಳ್ತವೆ. ಒಂದು ನಾಯಿ ಬೇಕು ಅಂತ ಎಲ್ಲರ ಹತ್ತಿರ ಹೇಳಿಟ್ಟಿದ್ದೆ. ಇವತ್ತು ಇವನೇ ಫೋನು ಮಾಡಿದ. ಒಳ್ಳೆ ಯೋಚನೆಯೇ ಮಾಡಿದ್ದಾನೆ. ಇವನ ಅಮ್ಮನಿಗೆ ನಾಯಿ ಆಗ್ಲಿಕ್ಕಿಲ್ಲ. ಮದುವೆ ಆಗಿ ಹೋಗುವ ನಿನಗೆ ಅಲ್ಲಿ ಯಾಕೆ ತಕರಾರು? ನಿನಗೆ ನೋಡ್ಬೇಕು ಅಂತ ಕಂಡಾಗ ಬಾ. ನಿನ್ನದೇ ಮನೆ ಅಂತ ತಿಳ್ಕೊ."

ಮನೀಷ್ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲವೂ ಅವನಿಗೆ ಕೇಳಿಸಿತ್ತು. ಸಾತ್ವಿಕಾ ಅವನ ಕಣ್ಣು ನೋಡಿದಳು. ಅದು ಮೊದಲು ಬೋಗುಣಿಗೆ ಹೋಯಿತು, ಅಲ್ಲಿಂದ ಗೂಡಿಗೆ, ಸರಪಳಿಗೆ, ಮತ್ತೆ ಪುಂಡಿಗೆ. ಹೋಟೆಲು ತುಂಬಿದಾಗ, ಬಂದ ಗಿರಾಕಿಗೆ ಎಲ್ಲಿ ಜಾಗ ಮಾಡಬಹುದು ಎಂದು ಅಳೆಯುವವನ ನೋಟ. ಜಾಗ ಸಿಕ್ಕಿತು ಎಂಬ ನೆಮ್ಮದಿ ಅದರಲ್ಲಿ ಒಂದು ಗಳಿಗೆ ಬಂದು ಕೂತದ್ದನ್ನು ಅವಳು ಸ್ಪಷ್ಟವಾಗಿ ಕಂಡಳು. ಆಮೇಲೆ ಆ ಕಣ್ಣು ಅವಳನ್ನು ನೋಡಿತು.

"ಅಲ್ಲ ಕುಶಾಲಣ್ಣ," ಎಂದ ಅವನು. "ಹಾಗಲ್ಲ."

"ನೀನೇ ಅಲ್ವಾ ಮಾರಾಯ, ನಾಯಿ ತರಬಹುದಾ ಅಂತ ಕೇಳಿದ್ದು?"

"ತರಬಹುದಾ ಅಂತ ಕೇಳಿದ್ದು... ತಿರುಗಾಡ್ಲಿಕ್ಕೆ."

"ನಾಯಿಯನ್ನಾ?" ಎಂದರು ಕುಶಾಲಪ್ಪ, ಥೇಟು ಪೂವಮ್ಮನ ಹಾಗೆ.

ಸಾತ್ವಿಕಾ ಪುಂಡಿಯ ಹಗ್ಗ ಎತ್ತಿಕೊಂಡು ಅಂಗಳಕ್ಕೆ ನಡೆದಳು. ಮನೀಷ್ ಬರಿಗಾಲಲ್ಲಿ ಹಿಂದೆಯೇ ಬಂದ.

"ನನಗೆ ನಿಜವಾಗಿ ಗೊತ್ತಿರ್ಲಿಲ್ಲ. ಊಟಕ್ಕೆ ಬರುವ ಅಂತಲೇ ಕೇಳಿದ್ದು."

"ಅದು ನಂಬ್ತೇನೆ," ಎಂದಳು ಅವಳು. ಸ್ವರ ಏರಲಿಲ್ಲ. "ನಂತರದ್ದು ಕೇಳುದು. ಅವರು ಹೇಳುವಾಗ, ಇದೇ ಒಳ್ಳೆದಾಯ್ತು ಅಂತ ನಿಮಗೆ ಕಾಣ್ಲಿಲ್ವಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳಿಗೆ ಕೆಲಸ ಸುಲಭವಾಗುತ್ತಿತ್ತು. ಕಾರು ಹತ್ತಿ, ಅವನನ್ನು ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿಸಿ, ಮನೆಗೆ ಹೋಗಿ ಅಲ್ಲ ಅನ್ನುತ್ತಿದ್ದಳು.

"ಕಂಡಿತು," ಎಂದ ಮನೀಷ್.

"ಎಷ್ಟು ಹೊತ್ತು?"

"ನೀವು ನನ್ನ ಮುಖ ನೋಡುವವರೆಗೆ."

ಮೇಲಿನ ತೆಂಗಿನಮರದಲ್ಲಿ ಮಂಗವೊಂದು ಗರಿಯಿಂದ ಗರಿಗೆ ಹಾರಿತು. ಪುಂಡಿ ಬೊಗಳಿತು. ಬೊಗಳಬೇಕಾದಲ್ಲೇ ಬೊಗಳಿತು.

"ಅಮ್ಮನ ಹತ್ತಿರ ಜಗಳ ಮಾಡುದು ತಪ್ಪಿತಲ್ಲ ಅಂತ ಕಂಡಿತು," ಎಂದ ಅವನು. "ಅಷ್ಟೇ. ಅಷ್ಟು ಹೊತ್ತು ನಾನು ಇದನ್ನು ಬಿಟ್ಟು ಹೋದವರ ಹಾಗೇ ಇದ್ದೆ."

ಸಾತ್ವಿಕಾ ಕಾರಿನ ಬಾಗಿಲು ತೆರೆದಳು. ಪುಂಡಿ ಹಾರಿ ಕೂತಿತು. ಅವಳು ಕೀಲಿ ತಿರುಗಿಸುವಷ್ಟರಲ್ಲಿ ಅವನು ಕಿಟಕಿಯ ಮೇಲೆ ಕೈಯಿಟ್ಟ. "ಸ್ವಲ್ಪ ನಿಲ್ಲಿ. ಅದರ ಕೂದಲು ಅಲ್ಲೇ ಉಂಟು."

"ಇರ್ಲಿ ಬಿಡಿ. ಕೂದಲು ತಾನೇ."

"ಇರ್ಬಾರ್ದು," ಎಂದು ಅವನು ಓಡಿದ.

ಅವಳು ಹಿಂದಿನ ಜಗಲಿಗೆ ಬರುವಾಗ ಅವನು ಕಲ್ಲಿನ ಗುಂಡನ್ನು ಎತ್ತಿ ಬದಿಗಿಟ್ಟು, ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಲೋಲಾಕ್ಷಿ ಒಂದು ಕೈಯಲ್ಲಿ ವಾಲಿಸಿದ ಕಲ್ಲು ಅವನಿಗೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. "ಆ ಕಡೆಯಿಂದ ಅಲ್ಲ, ಈ ಕಡೆಯಿಂದ. ಗಂಡಸರಿಗೆ ಕಡೆಯುವ ಕಲ್ಲಿನ ಮರ್ಮ ಎಲ್ಲಿಂದ ಗೊತ್ತಾಗ್ಬೇಕು," ಎಂದು ಅವರೇ ಬಂದು ತೋರಿಸಿಕೊಟ್ಟರು. ಕಲ್ಲು ವಾಲಿತು. ಅವನು ನೆಲಕ್ಕೆ ಕೆನ್ನೆ ತಾಗಿಸಿ, ನೀಲಿ ಅಂಗಿಯ ತೋಳನ್ನು ಕಲ್ಲಿನ ಅಡಿಗೆ ತೂರಿಸಿ ತಡಕಾಡಿದ.

ಒಂದಲ್ಲ, ಮೂರು ಗಂಟು ಸಿಕ್ಕಿದವು. ಒಂದು ಪುಂಡಿಯದು, ಬಿಳಿ. ಇನ್ನೊಂದು, ಮಣ್ಣು ಹಿಡಿದು ಯಾವ ಬಣ್ಣ ಎಂದೇ ತಿಳಿಯದ್ದು. ಮತ್ತೊಂದು ಕಪ್ಪು, ನೂಲಿನ ಕೆಂಪು ಇನ್ನೂ ಮಾಸಿರಲಿಲ್ಲ.

ಕುಶಾಲಪ್ಪ ಬಗ್ಗಿ ಕಪ್ಪನ್ನು ಬೆರಳ ತುದಿಯಲ್ಲಿ ಎತ್ತಿಕೊಂಡರು. ಬೆಳಕಿಗೆ ಹಿಡಿದರು.

"ನೋಡು, ಲೋಲಾಕ್ಷಿ," ಎಂದರು. "ಇಲ್ಲೇ ಉಂಟು. ಕರಿಯ ಬಿಟ್ಟು ಹೋದದ್ದಲ್ಲ. ಕೊಂಡೋದದ್ದು."

ಲೋಲಾಕ್ಷಿ ಸೆರಗಿನಿಂದ ಮೂಗು ಒರೆಸಿ, "ಅದು ನನಗೆ ಮೊದಲೇ ಗೊತ್ತುಂಟು," ಎಂದರು.

ಅವರು ಕಪ್ಪು ಗಂಟನ್ನೂ ಮಣ್ಣಿನ ಗಂಟನ್ನೂ ಹಿಂದಕ್ಕೆ ಇಟ್ಟರು. ಕಲ್ಲು ಕೂತಿತು. ಕುಶಾಲಪ್ಪ ಹೊಸ ಸರಪಳಿಯ ಕಡೆ ಒಮ್ಮೆ ನೋಡಿ, ಆಯ್ತು ಬಿಡಿ ಅನ್ನುವ ಹಾಗೆ ಬೈರಾಸು ಕೊಡವಿದರು.

"ಕುಶಾಲಣ್ಣ," ಎಂದಳು ಸಾತ್ವಿಕಾ, "ಬಸದಿಯ ಹತ್ತಿರ ಒಂದು ಗಂಡು ನಾಯಿ ಉಂಟು. ಯಾರೋ ಬಿಟ್ಟು ಹೋದದ್ದು. ಸಾಕುವ ಅಕ್ಕನ ಹತ್ತಿರ ನಾನು ಮಾತಾಡ್ತೇನೆ. ಅವರು ಕೊಟ್ರೆ ಮುಂದಿನ ಆದಿತ್ಯವಾರ ತರ್ತೇನೆ."

"ತಿರುಗಾಡ್ಲಿಕ್ಕಾ?" ಎಂದರು ಕುಶಾಲಪ್ಪ ಹುಷಾರಾಗಿ.

"ಅಲ್ಲ. ಬಿಡ್ಲಿಕ್ಕೇ. ಆದ್ರೆ ಕತ್ತಲಾದ ಮೇಲೆ ಮನೆಯ ಒಳಗೆ ಮಲಗಿಸ್ಬೇಕು. ನಾನು ಪ್ರತಿ ವಾರ ಬಂದು ನೋಡ್ತೇನೆ."

"ಇವಳು ಭಾರಿ ಜೋರುಂಟು ಮಾರಾಯ," ಎಂದರು ಕುಶಾಲಪ್ಪ ಮನೀಷನಿಗೆ. ಮೊದಲಿನ ನಗು ಅರ್ಧದಷ್ಟು ಮರಳಿ ಬಂದಿತ್ತು.

ಹೊರಟಾಗ ಬಿಸಿಲು ಇಳಿಯುತ್ತಿತ್ತು. ಮನೀಷ್ ಕೂದಲಿನ ಗಂಟನ್ನು ಅವಳಿಗೆ ಚಾಚಿದ. "ನಿಮ್ಮಲ್ಲೇ ಇರ್ಲಿ," ಎಂದಳು ಸಾತ್ವಿಕಾ, ರಸ್ತೆಯಿಂದ ಕಣ್ಣು ತೆಗೆಯದೆ. ಅವನು ಅದನ್ನು ಅಂಗಿಯ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡ. ಅಂಗಿ ಈಗ ನೀಲಿಯೇನೂ ಆಗಿರಲಿಲ್ಲ.

ಗುರುವಾಯನಕೆರೆಯ ವೃತ್ತದಲ್ಲಿ ಬಲಕ್ಕೆ ತಿರುಗಿದರೆ ವೇಣೂರು, ಮೂಡುಬಿದಿರೆ, ಮನೆ. ಅವಳು ತಿರುಗಿಸಲಿಲ್ಲ. ನೇರ ಮಡಂತ್ಯಾರಿನ ಕಡೆ ಬಿಟ್ಟಳು.

"ದಾರಿ ತಪ್ಪಿತಲ್ಲ," ಎಂದ ಮನೀಷ್.

"ತಪ್ಪಲಿಲ್ಲ. ಇನ್ನೊಂದು ಜಾಗ ನೋಡ್ಲಿಕ್ಕುಂಟು. ನೋಡುವ ನೋಡುವ ಅಂತ ನೀವೇ ಹೇಳಿದ್ದಲ್ವಾ?"

ಅವನಿಗೆ ಅರ್ಥವಾಗಲು ಪುಂಜಾಲಕಟ್ಟೆ ಬರಬೇಕಾಯಿತು. ಅಷ್ಟರಲ್ಲಿ ಫೋನು ಹೊಡೆಯಿತು. ಅವನ ತಾಯಿ ಕಾಂತಿಯ ಸ್ವರ ಕಾರಿನ ತುಂಬ ಕೇಳುವಷ್ಟು ದೊಡ್ಡದು. "ಎಂತ ಆಯ್ತು ಮನೀಷಾ? ಶಿರ್ತಾಡಿಯವರು ಎರಡು ಸಲ ಫೋನ್ ಮಾಡಿದ್ರು. ನಾನು ಎಂತ ಹೇಳುದು?"

"ಅಮ್ಮಾ, ನಾವು ಮನೆಗೇ ಬರ್ತಾ ಇದ್ದೇವೆ. ಮೂರು ಜನ."

"ಮೂರನೆಯದ್ದು ಯಾರು?"

"ಬಂದ ಮೇಲೆ ನೋಡಿ." ಫೋನಿಟ್ಟು ಅವಳ ಕಡೆ ತಿರುಗಿ, "ಫೋನಲ್ಲಿ ನಾಯಿ ತರ್ತೇನೆ ಅಂದ್ರೆ ಎಂತ ಆಗ್ತದೆ ಅಂತ ನೋಡಿದ್ದೇವಲ್ಲ," ಎಂದ. ಸಾತ್ವಿಕಾ ಈ ಸಲ ನಗುವನ್ನು ಅಡಗಿಸಲಿಲ್ಲ.

ಫರಂಗಿಪೇಟೆಯಲ್ಲಿ ಹೆದ್ದಾರಿ ಬಿಟ್ಟು ಹೊಳೆಯ ಕಡೆ ಇಳಿಯುವ ಓಣಿಯ ಕೊನೆಯಲ್ಲಿ ಅವರ ಮನೆ. ಹಸಿರು ಬಣ್ಣದ ಕಬ್ಬಿಣದ ಗೇಟು, ಗುಡಿಸಿ ನೀರು ಚಿಮುಕಿಸಿದ ಅಂಗಳ. ಕಾಂತಿ ಸೀರೆ ಬದಲಿಸಿಕೊಂಡು ಗೇಟಿನಲ್ಲೇ ನಿಂತಿದ್ದರು. ಸಾತ್ವಿಕಾಳನ್ನು ನೋಡಿ "ಬನ್ನಿ, ಬನ್ನಿ," ಎಂದು ಗೇಟಿನ ಕೊಂಡಿ ತೆಗೆದರು. ಕಾರಿನ ಹಿಂದಿನ ಬಾಗಿಲಿನಿಂದ ಪುಂಡಿ ಇಳಿಯಿತು. ಅವರು ಕೊಂಡಿ ಹಾಕಿದರು.

"ಅದು ಹೊರಗೆ ಇರ್ಲಿ. ಒಳಗೆ ದೈವದ ಕೋಣೆ ಉಂಟು, ಮಗಾ."

"ಆಯ್ತು ಆಂಟಿ," ಎಂದಳು ಸಾತ್ವಿಕಾ. "ನಾನೂ ಇಲ್ಲೇ ಇರ್ತೇನೆ ಹಾಗಾದ್ರೆ."

ಬೇಸರದಿಂದ ಹೇಳಿದ್ದಲ್ಲ. ಗೇಟಿನ ಬದಿಯ ಮೋರಿಯ ಕಟ್ಟೆಯನ್ನು ಕೈಯಿಂದ ಒರೆಸಿ, ಆರಾಮವಾಗಿ ಕೂತಳು. ಪುಂಡಿ ಅವಳ ಕಾಲಿನ ಹತ್ತಿರ ಕೂತಿತು. ಕೂರುವುದಕ್ಕೆ ಅಡ್ಡಿಯಿಲ್ಲದ ಜಾಗ. ಹೊಳೆಯ ಗಾಳಿಯೂ ಬರುತ್ತಿತ್ತು. ಓಣಿಯಲ್ಲಿ ಹೋಗುತ್ತಿದ್ದ ನೆರೆಮನೆಯ ಹೆಂಗಸೊಬ್ಬರು, "ಕಾಂತಿಯಕ್ಕ, ನೆಂಟರಾ?" ಎಂದು ಕೇಳಿಕೊಂಡೇ ಹೋದರು.

ಕಾಂತಿ ಗೇಟಿನ ಸರಳು ಹಿಡಿದುಕೊಂಡರು. ಮನೆಗೆ ಬಂದವರನ್ನು ಓಣಿಯಲ್ಲಿ ಬಾಯಾರಿಸಿ ಕೂರಿಸಿದ ಹೆಸರು ಆ ಮನೆಗೆ ಇದುವರೆಗೆ ಬಂದಿರಲಿಲ್ಲ. ಮಗನ ಮುಖ ನೋಡಿದರು. ಅವನು ಕಣ್ಣು ತಪ್ಪಿಸಲಿಲ್ಲ. ಅವರು ಏನೋ ಗೊಣಗುತ್ತ ಒಳಗೆ ಹೋದರು. ಅಡುಗೆಕೋಣೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳದ ಸದ್ದಾಯಿತು.

ಅಷ್ಟರಲ್ಲಿ ಮನೀಷ್ ಗೇಟಿನ ಕೊಂಡಿ ತೆಗೆದು ಅಂಗಳಕ್ಕೆ ಹೋದ. ಮಿಕ್ಸಿ ಬಂದ ಮೇಲೆ ಹೊರಗೆ ಬಿದ್ದಿದ್ದ ಕಡೆಯುವ ಕಲ್ಲು ನಲ್ಲಿಯ ಬದಿಯಲ್ಲಿತ್ತು. ಅವನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಿಸೆಯ ಗುಂಡಿ ಬಿಚ್ಚಿ ಕೂದಲಿನ ಗಂಟು ತೆಗೆದ. ಈ ಸಲ ಎಲ್ಲಿ ಕೈ ಹಾಕಬೇಕೆಂದು ಗೊತ್ತಿತ್ತು. ಕಲ್ಲು ಸಲೀಸಾಗಿ ವಾಲಿತು.

ಕಾಂತಿ ಒಂದು ಕೈಯಲ್ಲಿ ಚೆಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದರು. "ಅಲ್ಲಿ ಎಂತ ಮಾಡುದು ನೀನು?" ಎಂದು ಮಗನನ್ನು ಕೇಳಿದರು.

"ಏನಿಲ್ಲಮ್ಮ," ಎಂದು ಅವನು ಕಲ್ಲನ್ನು ಮೆಲ್ಲಗೆ ಕೂರಿಸಿ, ಅಂಗೈ ಝಾಡಿಸಿಕೊಂಡ. ತೆರೆದೇ ಉಳಿದಿದ್ದ ಗೇಟಿನ ಸಂದಿಯಲ್ಲಿ ಪುಂಡಿಯ ಮೂಗು ಕಾಣಿಸಿತು.